ಗುಡ್ಡದ ದಾರಿಯ ಸಾವಿರ ಮನೆ

ಹನ್ನೊಂದು ದಿನಗಳಲ್ಲಿ ಮೂರನೆಯ ಉಸಿರುಪೆಟ್ಟಿಗೆ ಬೆಟಗೇರಿಯ ದಾವಲ್‌ಸಾಬ್ ನದಾಫರ ಮನೆಗೆ ಬಂದಿತು. ಶ್ವಾಸಕೇಂದ್ರದಿಂದ ಬಂದ ನೌಕರ ಹಳೆಯದನ್ನು ಬಿಚ್ಚಿ ಹೊಸದನ್ನು ಜೋಡಿಸಿದ. ಪರದೆಯ ಮೇಲೆ ದಾವಲ್‌ಸಾಬರ ನಂಬರು ಒತ್ತಿ, ಹಸಿರು ದೀಪ ಹತ್ತಿದ್ದನ್ನು ತೋರಿಸಿ, ಸಹಿ ಹಾಕಿಸಿಕೊಂಡು ಹೋದ. ಅವನ ಬೈಕಿನ ಸಪ್ಪಳ ಓಣಿಯ ತಿರುವನ್ನು ಇನ್ನೂ ದಾಟಿರಲಿಲ್ಲ, ದಾವಲ್‌ಸಾಬರಿಗೆ ಕೆಮ್ಮು ಬಂತು. ಪೆಟ್ಟಿಗೆ ಎಂಟು ಸೆಕೆಂಡು ಕಾಯಿತು. ಆಮೇಲೆ ಮೊದಲಿನೆರಡು ಪೆಟ್ಟಿಗೆಗಳು ಕೂಗಿದ ಹಾಗೆಯೇ ಇದೂ ಕೂಗತೊಡಗಿತು.

ಹುಸೇನಬಿ ಗಂಡನ ಬೆನ್ನಿಗೆ ಕೈಕೊಟ್ಟು ಎಬ್ಬಿಸಿ ಕೂಡಿಸಿ, ಮುಖವಾಡ ಕಳಚಿ, ಕೈಪಂಪನ್ನು ಬಾಯಿಗಿಟ್ಟು ಒತ್ತತೊಡಗಿದಳು. ಹನ್ನೊಂದು ದಿನದಲ್ಲಿ ಈ ಕೆಲಸ ಅವಳಿಗೆ ರೂಢಿಯಾಗಿಬಿಟ್ಟಿತ್ತು. ಅವಳ ಬಲ ಮುಂಗೈ ಬಾತುಕೊಂಡಿತ್ತು.

ದಾವಲ್‌ಸಾಬರು ನಲವತ್ತು ವರ್ಷ ಅರಳೆ ಹಿಂಜಿ ಗಾದಿ ಹೊಲಿದವರು. ಗದಗಿನಲ್ಲಿ ಅವರ ಗಾದಿಯ ಮೇಲೆ ಮಲಗದ ಮದುಮಕ್ಕಳು ಕಡಿಮೆ. ಆ ನಲವತ್ತು ವರ್ಷದ ಅರಳೆಯ ದೂಳು ಅವರ ಎದೆಯಲ್ಲಿ ಕೂತಿತ್ತು. ಇಂಥವರಿಗಾಗಿಯೇ ಉಸಿರುಪೆಟ್ಟಿಗೆ ಬಂದದ್ದು. ಮಂಚದ ಪಕ್ಕದ ಸ್ಟೂಲಿನ ಮೇಲೆ ಹಿಡಿಸುವಷ್ಟು ಸಣ್ಣ ಯಂತ್ರ ಅದು. ಬುದ್ಧಿ ಅದರೊಳಗಿರಲಿಲ್ಲ, ಹುಬ್ಬಳ್ಳಿಯ ಶ್ವಾಸಕೇಂದ್ರದಲ್ಲಿತ್ತು. ಪೆಟ್ಟಿಗೆ ಎರಡು ಸೆಕೆಂಡಿಗೊಮ್ಮೆ ರೋಗಿಯ ಎದೆಯ ಏರಿಳಿತವನ್ನು ಅಲ್ಲಿಗೆ ಕಳಿಸುತ್ತಿತ್ತು. ಅಲ್ಲಿಯ ಗಣಕ ಮುಂದಿನ ಉಸಿರು ಎಷ್ಟು ಆಳವಿರಬೇಕು, ಎಷ್ಟು ಒತ್ತಡ ಬೇಕು ಎಂದು ಲೆಕ್ಕ ಹಾಕಿ ಉತ್ತರ ಕಳಿಸುತ್ತಿತ್ತು. ನಾಲ್ಕು ಜಿಲ್ಲೆಗಳ ನಾಲ್ಕು ಸಾವಿರ ಮನೆಗಳಲ್ಲಿ ಜನ ಆಸ್ಪತ್ರೆಯ ಹಾಸಿಗೆ ಬಿಟ್ಟು ತಮ್ಮ ಮನೆಯ ಮಂಚಕ್ಕೆ ಮರಳಿದ್ದರು. ಮೂರು ವರ್ಷ ದಾವಲ್‌ಸಾಬರು ಪೆಟ್ಟಿಗೆ ಪಕ್ಕದಲ್ಲಿಟ್ಟುಕೊಂಡೇ ಮನೆಯ ಕಟ್ಟೆಯ ಮೇಲೆ ಕೂತು ಓಣಿಯವರೊಂದಿಗೆ ಹರಟೆ ಹೊಡೆದಿದ್ದರು.

ಕೆಮ್ಮು ನಿಂತಾಗ ಹುಸೇನಬಿ ಮುಖವಾಡ ಮತ್ತೆ ಹಾಕಿದಳು. ಉಸಿರು ಸಾವಕಾಶವಾದ ಮೇಲೆ ಪೆಟ್ಟಿಗೆ ತನ್ನಷ್ಟಕ್ಕೆ ಸರಿಯಾಯಿತು. ಅದೇ ಅವಳಿಗೆ ಬಗೆಹರಿಯದ ಸಂಗತಿ. ಆರಾಮಿದ್ದಾಗ ಪೆಟ್ಟಿಗೆಯೂ ಆರಾಮ. ಬೇಕಾದಾಗ ಮಾತ್ರ ಇಲ್ಲ.

ಪಕ್ಕದ ಮನೆಯ ನೀಲವ್ವ ಬಾಗಿಲಲ್ಲಿ ಬಂದು ನಿಂತಳು. ಅವಳ ಗಂಡ ಕೊಟ್ರಪ್ಪನಿಗೂ ಅಂಥದ್ದೇ ಪೆಟ್ಟಿಗೆ. ಅವನದು ಒಂದು ದಿನವೂ ತಪ್ಪಿರಲಿಲ್ಲ.

"ಇದೂ ಹಂಗ ಮಾಡ್ತೇನ, ಹುಸೇನಕ್ಕಾ?"

"ಹಂಗ ಮಾಡ್ತವ್ವಾ. ಮೂರ್ ಪೆಟಗಿ ಆತು. ಮೂರೂ ಕೆಟ್ಟಾವ ಅಂದ್ರ ನಾ ನಂಬಂಗಿಲ್ಲ."

ಹುಸೇನಬಿ ಪೆಟ್ಟಿಗೆಯ ತಂತಿಯನ್ನು ಒಮ್ಮೆ ಎಳೆದು ನೋಡಿದಳು. ಆಮೇಲೆ ಕೇಳಿದಳು, "ನೀಲವ್ವಾ, ನಿಮ್ಮವರು ಈಗ ಆರಾಮ ಕುಂತಾರಲ್ಲ. ಅರ್ಧಾ ತಾಸು ನಿಮ್ಮ ಪೆಟಗಿ ಕೊಡ್ತಿಯೇನು? ಅಲ್ಲೀತನಕಾ ನಮ್ಮದನ್ನ ಅವರಿಗೆ ಹಚ್ಚೋಣು."

ನೀಲವ್ವ ಒಳಗೆ ಹೋಗಿ ಗಂಡನನ್ನು ಕೇಳಿ ಬಂದಳು. ಇಬ್ಬರೂ ಸೇರಿ ಪೆಟ್ಟಿಗೆಗಳನ್ನು ಅದಲುಬದಲು ಮಾಡಿದರು. ಹದಿನೈದು ನಿಮಿಷಕ್ಕೆ ದಾವಲ್‌ಸಾಬರಿಗೆ ಮತ್ತೆ ಕೆಮ್ಮು ಒತ್ತಿ ಬಂತು. ಕೊಟ್ರಪ್ಪನ ಪೆಟ್ಟಿಗೆ ಒಂದೇ ಒಂದು ಸಲ ಟಕ್ಕೆಂದು ಸದ್ದು ಮಾಡಿ, ಒತ್ತಡ ಬದಲಿಸಿ, ಅವರ ಎದೆಯ ಜೊತೆ ಏರಿ ಅವರ ಎದೆಯ ಜೊತೆ ಇಳಿಯಿತು. ಎರಡು ನಿಮಿಷದಲ್ಲಿ ಕೆಮ್ಮು ಅಡಗಿತು. ದಾವಲ್‌ಸಾಬರು ಹನ್ನೊಂದು ದಿನದ ಮೇಲೆ ಮೊದಲ ಸಲ ಕಣ್ಣುಮುಚ್ಚಿ ದಿಂಬಿಗೊರಗಿದರು. ಅತ್ತ ಕೊಟ್ರಪ್ಪನ ಮನೆಯಲ್ಲಿ, ಅವನು ಮೆಟ್ಟಿಲೇರಿ ಏದುಸಿರು ಬಿಟ್ಟದ್ದೇ ತಡ, ದಾವಲ್‌ಸಾಬರ ನಂಬರಿನ ಪೆಟ್ಟಿಗೆ ಕೂಗತೊಡಗಿತು.

ನೀಲವ್ವ ಓಡಿಬಂದು ತನ್ನ ಮನೆಯ ಕಡೆಗೆ ಕೈ ತೋರಿಸಿ, "ಪೆಟಗೀದಲ್ಲಕ್ಕಾ, ನಿಮ್ಮವರ ನಂಬರಿಂದ ಐತಿ ಏನೋ. ಆ ನಂಬರ ಒಳ್ಳೇದಲ್ಲ" ಅಂದಳು.

ಅದಲುಬದಲನ್ನು ಮತ್ತೆ ಸರಿಮಾಡಿ ಹುಸೇನಬಿ ಶ್ವಾಸಕೇಂದ್ರಕ್ಕೆ ಫೋನು ಹಚ್ಚಿದಳು. ದೂರು ತೆಗೆದುಕೊಳ್ಳುವವರು ಯಂತ್ರ ವಿಭಾಗಕ್ಕೆ ಕೊಡುತ್ತೇವೆ ಎಂದರು.

"ಯಂತ್ರದವರು ಬ್ಯಾಡ್ರಿ. ನಂಬರ ಯಾರ್ ಕೊಡ್ತಾರು, ಅವರಿಗೆ ಕೊಡ್ರಿ. ಕೊಡೂಮಟಾ ನಾ ಫೋನ್ ಇಡಂಗಿಲ್ಲ."

*

ನಂಬರು ಕೊಡುವವಳು ಶಾಂಭವಿ ಬಡಿಗೇರ. ಶ್ವಾಸಕೇಂದ್ರದ ಜಾಲ ವಿಭಾಗದ ಮುಖ್ಯಸ್ಥೆ, ಮೂವತ್ತೆಂಟರ ಹೆಂಗಸು. ಕೂತು ಕೆಲಸ ಮಾಡುವುದು ಅವಳ ಜಾಯಮಾನದಲ್ಲಿಲ್ಲ. ನಿಯಂತ್ರಣ ಕೊಠಡಿಯಲ್ಲಿ ಅವಳ ಕುರ್ಚಿ ಸದಾ ಖಾಲಿ. ಅವಳು ಪರದೆಯಿಂದ ಪರದೆಗೆ ಓಡಾಡುತ್ತಲೇ ಇರುತ್ತಾಳೆ. ಆ ಬೆಳಿಗ್ಗೆಯೂ ನಿಂತೇ ಫೋನು ಎತ್ತಿಕೊಂಡಳು.

ಹುಸೇನಬಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು: ಮೂರು ಪೆಟ್ಟಿಗೆ, ಕೆಮ್ಮು, ಎಂಟು ಸೆಕೆಂಡು, ಅದಲುಬದಲು.

"ಅಮ್ಮಾರ, ನಂಬರಿನಿಂದ ಏನೂ ಆಗಂಗಿಲ್ರಿ," ಅಂದಳು ಶಾಂಭವಿ. "ನಂಬರ ಅಂದ್ರ ನಿಮ್ಮ ಮನೀ ವಿಳಾಸ ಇದ್ದಂಗ, ಅಷ್ಟ."

"ಹಂಗಾರ ಒಂದ್ ಕೇಳ್ತೀನ್ರಿ. ಟಪಾಲು ನಮ್ಮ ವಿಳಾಸಕ್ಕಷ್ಟ ಮುಟ್ಟವಲ್ಲದು, ಪಕ್ಕದ ಮನೀಗೆ ಮುಟ್ಟತೈತಿ ಅಂದ್ರ, ತಪ್ಪು ಮನೀದೇನು, ಟಪಾಲು ಒಯ್ಯೋ ದಾರೀದೇನು?"

ಶಾಂಭವಿ ಪಕ್ಕದ ಪರದೆಯ ಕಡೆಗೆ ತಿರುಗಿದಳು. "ನಿಮ್ಮ ನಂಬರ ಹೇಳ್ರಿ," ಅಂದಳು.

ಕೇಂದ್ರದಿಂದ ಹೊರಗೆ ಹೋಗಲು ನಾಲ್ಕು ದಾರಿಗಳಿದ್ದವು. ನೌಕರರು ಅವಕ್ಕೆ ಕೆರೆ ದಾರಿ, ಹೊಲದ ದಾರಿ, ರಸ್ತೆ ದಾರಿ, ಗುಡ್ಡದ ದಾರಿ ಎಂದು ಹೆಸರಿಟ್ಟಿದ್ದರು. ತಂತಿಗಳು ಹಾಯುವ ಜಾಗದ ಮೇಲಿಂದ ಬಂದ ಹೆಸರುಗಳು. ನಾಲ್ಕೂ ಒಂದೇ ವೇಗದವು, ಒಂದೇ ದೂರದವು. ಕೇಂದ್ರದ ಹೊರಬಾಗಿಲಲ್ಲಿದ್ದ ಲಿನಕ್ಸ್ ಗಣಕ ನಾಲ್ಕನ್ನೂ ಸಮಬೆಲೆಯ ದಾರಿಗಳೆಂದು ಬಗೆದು, ಹೊರಹೋಗುವ ಉತ್ತರಗಳನ್ನು ಅವುಗಳಿಗೆ ಸಮನಾಗಿ ಹಂಚುತ್ತಿತ್ತು. ಒಂದು ಉತ್ತರ ಇತ್ತ, ಇನ್ನೊಂದು ಅತ್ತ ಎಂದು ಹಂಚುವಂತಿಲ್ಲ. ಹಾಗೆ ಮಾಡಿದರೆ ಒಂದೇ ಮನೆಯ ಉತ್ತರಗಳು ಹಿಂದುಮುಂದಾಗಿ ತಲುಪಿ, ಬಿಡಬೇಕಾದ ಉಸಿರು ಎಳೆಯಬೇಕಾದ ಉಸಿರಿಗಿಂತ ಮೊದಲು ಬರುತ್ತದೆ. ಆದ್ದರಿಂದ ಗಣಕ ಮನೆಯ ನಂಬರನ್ನೂ ಕೇಂದ್ರದ ನಂಬರನ್ನೂ ಕಲಸಿ ಒಂದು ಅಂಕಿ ತೆಗೆಯುತ್ತದೆ. ಆ ಅಂಕಿ ಯಾವ ಪಾಲಿನಲ್ಲಿ ಬಿತ್ತೋ ಆ ಮನೆಗೆ ಅದೇ ದಾರಿ. ನಂಬರು ಬದಲಾಗದಿದ್ದರೆ ದಾರಿಯೂ ಬದಲಾಗದು.

ಇನ್ನೊಂದು ಬಗೆಯೂ ಇತ್ತು. ಸಂಪರ್ಕ ಹೊಸದಾಗಿ ಹುಟ್ಟಿದಾಗಲೆಲ್ಲ ಬದಲಾಗುವ, ಪೋರ್ಟ್ ಎಂಬ ಬಾಗಿಲಿನ ಸಂಖ್ಯೆಯನ್ನೂ ಆ ಕಲಸುವಿಕೆಗೆ ಸೇರಿಸಬಹುದಿತ್ತು. ಆಗ ಪೆಟ್ಟಿಗೆಯನ್ನು ಒಮ್ಮೆ ಆರಿಸಿ ಮತ್ತೆ ಹಚ್ಚಿದರೆ ಬೇರೆ ದಾರಿ ಸಿಗುತ್ತಿತ್ತು. ಮೂರು ವರ್ಷದ ಹಿಂದೆ ಶಾಂಭವಿಯೇ ಅದು ಬೇಡವೆಂದು ತೀರ್ಮಾನಿಸಿದ್ದಳು. ಒಂದು ಮನೆಗೆ ಒಂದೇ ದಾರಿ ಇದ್ದರೆ ತೊಂದರೆ ಹುಡುಕುವುದು ಸುಲಭ ಎಂದು ಅವಳ ವಾದವಾಗಿತ್ತು.

ಅವಳು ಕೀಲಿಮಣೆಯ ಮೇಲೆ ಬಾಗಿ, ದಾವಲ್‌ಸಾಬರ ನಂಬರಿಗೆ ಯಾವ ದಾರಿ ಎಂದು ಗಣಕವನ್ನು ಕೇಳಿದಳು. ಗುಡ್ಡದ ದಾರಿ ಎಂದಿತು. ಕೊಟ್ರಪ್ಪನ ನಂಬರಿಗೆ ಕೆರೆ ದಾರಿ.

ಅಷ್ಟರಿಂದ ಏನೂ ಸಾಬೀತಾಗುವುದಿಲ್ಲ. ನಾಲ್ಕರಲ್ಲಿ ಒಂದು ಪಾಲು ಮನೆಗಳು, ಎಂದರೆ ಸಾವಿರ, ಗುಡ್ಡದ ದಾರಿಯಲ್ಲೇ ಇದ್ದವು. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ನಾಲ್ಕೂ ದಾರಿಗಳು ಹಸಿರಾಗಿದ್ದವು. ಶಾಂಭವಿ ಯಂತ್ರ ವಿಭಾಗಕ್ಕೆ ಹೋಗಿ, ಕಳೆದ ಹನ್ನೊಂದು ದಿನದಲ್ಲಿ ಪೆಟ್ಟಿಗೆ ಕೆಟ್ಟಿದೆ ಎಂದು ದೂರಿದ ಮನೆಗಳ ಪಟ್ಟಿ ಕೇಳಿದಳು. ಮೂವತ್ತೊಂದು ಮನೆಗಳಿದ್ದವು. ಒಂದೊಂದೇ ನಂಬರನ್ನು ಗಣಕಕ್ಕೆ ಕೊಡತೊಡಗಿದಳು. ಮೊದಲನೆಯದು ಗುಡ್ಡದ ದಾರಿ. ಎರಡನೆಯದು ಗುಡ್ಡದ ದಾರಿ. ಹತ್ತನೆಯದೂ ಅದೇ. ಮೂವತ್ತೊಂದೂ ಗುಡ್ಡದ ದಾರಿ.

ದಿನಕ್ಕೆ ಸಾವಿರ ಸಲ ಆ ದಾರಿಯ ಪರೀಕ್ಷೆ ನಡೆಯುತ್ತಿತ್ತು, ಒಂದು ಸಲವೂ ತಪ್ಪಿರಲಿಲ್ಲ. ಪರೀಕ್ಷೆಗೆ ಹೋಗುವುದು ಮಾಹಿತಿಯ ಒಂದು ಸಣ್ಣ ಪೊಟ್ಟಣ. ಶಾಂಭವಿ ಈಗ ದೊಡ್ಡ ಪೊಟ್ಟಣಗಳನ್ನು ಕಳಿಸಿದಳು. ಇಪ್ಪತ್ತು ಕಳಿಸಿದಳು, ಒಂದೂ ಮರಳಲಿಲ್ಲ. ಸಣ್ಣವು ಇಪ್ಪತ್ತು ಕಳಿಸಿದಳು, ಇಪ್ಪತ್ತೂ ಮರಳಿದವು.

ಆಗ ಅವಳಿಗೆ ಪೂರ್ತಿ ಚಿತ್ರ ಕಂಡಿತು. ಉಸಿರು ಸರಾಗವಿರುವಾಗ ಕೇಂದ್ರದ ಉತ್ತರ ಚಿಕ್ಕದು, ಹೀಗೇ ಮುಂದುವರಿಸು ಎಂಬಷ್ಟು. ರೋಗಿ ಒದ್ದಾಡುವಾಗ ಮಾತ್ರ ಮುಂದಿನ ಇಪ್ಪತ್ತು ಉಸಿರುಗಳ ಪೂರ್ತಿ ನಕ್ಷೆ ಹೋಗುತ್ತದೆ, ಅದು ದೊಡ್ಡದು. ಗುಡ್ಡದ ಮೇಲೆ ಎಲ್ಲೋ ದೊಡ್ಡ ಪೊಟ್ಟಣಗಳು ಸದ್ದಿಲ್ಲದೆ ನಾಶವಾಗುತ್ತಿದ್ದವು. ಕೇಂದ್ರ ಕಳಿಸಿದೆ ಎಂದು ಬರೆದುಕೊಳ್ಳುತ್ತಿತ್ತು. ಮತ್ತೆ ಕಳಿಸಿದರೂ ಅದೇ ನಂಬರು, ಅದೇ ದಾರಿ. ಪೊಟ್ಟಣವನ್ನು ತುಂಡು ಮಾಡಿ ಕಳಿಸುವಂತೆಯೂ ಇರಲಿಲ್ಲ. ಅರ್ಧ ನಕ್ಷೆಯಿಂದ ಅನಾಹುತವಾಗಬಾರದೆಂದು ಪೆಟ್ಟಿಗೆಗಳು ತುಂಡು ಪೊಟ್ಟಣ ಮುಟ್ಟದ ಹಾಗೆ ಕಟ್ಟಲಾಗಿತ್ತು.

*

ಕೇಂದ್ರದ ನಿರ್ದೇಶಕ ವಿರೂಪಾಕ್ಷ ಹೊಂಬಳರು ಕೆಟ್ಟ ಮನುಷ್ಯರಲ್ಲ. ಶಾಂಭವಿ ಹೇಳಿದ್ದನ್ನೆಲ್ಲ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೊದಲ ಕೂಡ್ರಿ ನೀವು."

"ಇಲ್ಲ ಸರ್. ಗುಡ್ಡದ ದಾರಿ ಈಗಿಂದೀಗ ಬಂದ್ ಮಾಡಬೇಕು."

"ಬಂದ್ ಮಾಡಿದ್ರ ಏನಾಗತೈತಿ ಹೇಳ್ರಿ."

ಏನಾಗುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಾಲ್ಕು ಪಾಲುಗಳು ಮೂರಾಗುತ್ತವೆ. ಪಾಲುಗಳ ಗಡಿಗಳೇ ಸರಿಯುತ್ತವೆ. ಗುಡ್ಡದ ದಾರಿಯ ಸಾವಿರ ಮನೆಗಳಲ್ಲದೆ, ಚೆನ್ನಾಗಿರುವ ದಾರಿಗಳಲ್ಲಿದ್ದ ಇನ್ನೊಂದು ಸಾವಿರ ಮನೆಗಳೂ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತವೆ. ಪ್ರತಿ ದಾರಿಗೂ ಒಂದು ಕಾವಲು ಯಂತ್ರವಿದ್ದು, ಪರಿಚಯವಿಲ್ಲದ ಮನೆಯನ್ನು ಒಳಗೆ ಬಿಡಲು ಅದಕ್ಕೆ ನಲವತ್ತು ಸೆಕೆಂಡು ಬೇಕು. ಅಂದರೆ ಎರಡು ಸಾವಿರ ಮನೆಗಳು ಒಟ್ಟಿಗೆ ನಲವತ್ತು ಸೆಕೆಂಡು ಕೇಂದ್ರದ ಕೈಬಿಟ್ಟುಹೋಗುತ್ತವೆ. ಆ ಕ್ಷಣದಲ್ಲಿ ಎಷ್ಟು ಜನ ಕೆಮ್ಮುತ್ತಿರುತ್ತಾರೆ ಎಂದು ಯಾರು ಹೇಳಬೇಕು?

"ದೂರು ಕೊಟ್ಟ ಮೂವತ್ತೊಂದು ಮನೀಗೆ ಮಾತ್ರ ಬ್ಯಾರೆ ದಾರಿ ಬರದು ಹಾಕಬಹುದಲ್ಲ?" ಎಂದು ಹೊಂಬಳರು ಕೇಳಿದರು.

"ಹಾಕಬಹುದು. ಒಂದೊಂದು ನಂಬರಿಗೆ ಪ್ರತ್ಯೇಕ ಬರದ್ರ ಉಳದವರು ಅಲುಗಾಡಂಗಿಲ್ಲ. ಆದ್ರ ಸರ್, ಇನ್ನೂ ಒಂಬೈನೂರಾ ಅರವತ್ತೊಂಬತ್ತು ಮನಿ ಅದಾವು."

"ಅವರು ಈಗ ಆರಾಮ ಅದಾರ. ಆರಾಮ ಇದ್ದವರನ್ನ ಯಾಕ ಮುಟ್ಟೋದು? ಗುಡ್ಡದ ಗುತ್ತಿಗೆದಾರರಿಗೆ ಫೋನ್ ಮಾಡ್ತೀನಿ. ಒಂದೆರಡು ದಿನದಾಗ ಹತ್ತಿ ಸರಿ ಮಾಡ್ತಾರ. ಮೂವತ್ತೊಂದು ಮೊದಲ ಮುಗಸ್ರಿ."

ಆ ಮಾತಿನಲ್ಲಿ ತಪ್ಪು ಎಲ್ಲಿದೆ ಎಂದು ಶಾಂಭವಿಗೆ ಆಗ ಹೇಳಲು ಬರಲಿಲ್ಲ. ಹೊರಬಂದು, ಮೂವತ್ತೊಂದು ಮನೆಗಳಿಗೂ ಫೋನು ಮಾಡಿಸಿ, ರೋಗಿಯನ್ನು ಕೂಡಿಸಿ ಕೈಪಂಪು ಹಿಡಿದಿರಲು ಹೇಳಿ, ಒಂದೊಂದೇ ನಂಬರಿಗೆ ಹೊಸ ದಾರಿ ಬರೆದಳು. ದಾವಲ್‌ಸಾಬರದು ಮೊದಲನೆಯದು. ಹನ್ನೆರಡೂವರೆಗೆ ಹುಸೇನಬಿಯ ಫೋನು ಬಂತು.

"ಮೇಡಮ್ಮಾರ, ಈಗ ಕೆಮ್ಮು ಬಂದಿತ್ರಿ. ಪೆಟಗಿ ಟಕ್ ಅಂತು. ಸುಮ್ಮನಾತು. ಅವರು ಅನ್ನಾ ಬೇಡ್ಯಾರು."

ಹುಸೇನಬಿ ಅಳುತ್ತಿದ್ದಳು. ಶಾಂಭವಿ ಫೋನು ಹಿಡಿದುಕೊಂಡು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ನಡೆಯುತ್ತಿದ್ದಳು. ಊಟದ ಡಬ್ಬಿ ತೆರೆದು, ಎರಡು ತುತ್ತು ತಿಂದು ಮುಚ್ಚಿಟ್ಟಳು. ಗೋಡೆಯ ಪರದೆಯಲ್ಲಿ ಗುಡ್ಡದ ದಾರಿ ಇನ್ನೂ ಹಸಿರಾಗಿಯೇ ಉರಿಯುತ್ತಿತ್ತು. ಅದನ್ನು ನೋಡಲಾಗದೆ ಅವಳು ಒಂದು ಹಾಳೆಯ ಮೇಲೆ ಉಳಿದ ಮನೆಗಳನ್ನು ಎದೆ ತೀರ ಕೆಟ್ಟವರು, ಅರ್ಧ ಕೆಟ್ಟವರು ಎಂದು ವಿಂಗಡಿಸತೊಡಗಿದಳು. ಯಾರೂ ಹೇಳಿರಲಿಲ್ಲ. ಎದೆ ತೀರ ಕೆಟ್ಟವರ ಪಟ್ಟಿಯಲ್ಲಿ ಇನ್ನೂರ ಆರು ಹೆಸರು ಬಂದವು. ಪಟ್ಟಿ ಹಿಡಿದು ಎರಡು ಸಲ ಹೊಂಬಳರ ಕೋಣೆಯ ತನಕ ಹೋದಳು. ಅವರು ಗುತ್ತಿಗೆದಾರರೊಂದಿಗೆ ಫೋನಿನಲ್ಲಿದ್ದರು. ಎರಡು ಸಲವೂ ತಿರುಗಿ ಬಂದಳು.

ಮೂರು ಗಂಟೆ ಐವತ್ತು ನಿಮಿಷಕ್ಕೆ ಯಂತ್ರ ವಿಭಾಗದಿಂದ ಸುದ್ದಿ ಬಂತು. ಮುಂಡರಗಿಯ ಪ್ರಭಾವತಿ ಅಂಗಡಿ, ನಲವತ್ತಾರು ವರ್ಷ, ಹೊಲಿಗೆ ಕೆಲಸ. ಹಳೆಯ ಕ್ಷಯದಿಂದ ಎದೆಯ ಒಂದು ಭಾಗ ಕುಗ್ಗಿಹೋಗಿತ್ತು. ಮನೆಯಲ್ಲಿ ಒಬ್ಬಳೇ ಇದ್ದಾಗ ಉಸಿರು ಕಟ್ಟಿದೆ. ಪೆಟ್ಟಿಗೆ ಕೂಗಿದ್ದು ಕೇಳಿ ಪಕ್ಕದವರು ಬಂದಿದ್ದಾರೆ, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿದೆ.

ಆ ಮನೆಯಿಂದ ಹನ್ನೊಂದು ದಿನದಲ್ಲಿ ಒಂದೂ ದೂರು ಬಂದಿರಲಿಲ್ಲ. ಶಾಂಭವಿಯ ಪಟ್ಟಿಯಲ್ಲಿ ಆ ಹೆಸರು ಒಂಬತ್ತನೆಯದು.

*

ಅವಳು ಪಟ್ಟಿಯನ್ನು ಹೊಂಬಳರ ಮುಂದಿಟ್ಟು, ಒಂಬತ್ತನೆಯ ಹೆಸರಿನ ಮೇಲೆ ಬೆರಳಿಟ್ಟಳು.

"ಕೂಗಿದವರಿಗಷ್ಟ ದಾರಿ ಕೊಟ್ವಿ ಸರ್," ಅಂದಳು ಶಾಂಭವಿ. "ಸುಮ್ಮನಿದ್ದವರನ್ನ ಆರಾಮ ಅದಾರ ಅಂತ ಬಿಟ್ವಿ. ನೀವು ಹೇಳಿದ್ರಿ, ನಾ ಮಾಡಿದ್ನಿ."

"ಎಲ್ಲಾರನೂ ಸರಸ್ರಿ," ಎಂದರು ಹೊಂಬಳರು. "ನಾನೂ ಫೋನ್ ಹಚ್ಚತೀನಿ."

ಕೇಂದ್ರದ ಹನ್ನೆರಡು ಜನ ಫೋನು ಹಿಡಿದು ಕೂತರು. ಕೆಲಸ ಕೇಳಲು ಸಣ್ಣದು. ಮನೆಯಲ್ಲಿ ಯಾರಾದರೊಬ್ಬರು ರೋಗಿಯ ಪಕ್ಕ ಕೂತು, ಮುಖವಾಡ ಕಳಚಿ, ಒಂದು ನಿಮಿಷ ಕೈಪಂಪು ಒತ್ತಬೇಕು. ಅಷ್ಟರಲ್ಲಿ ಇಲ್ಲಿ ದಾರಿ ಬದಲಾಗುತ್ತದೆ. ಆದರೆ ಮೊದಲ ಇಪ್ಪತ್ತು ಕರೆಗಳಲ್ಲಿ ಹದಿನಾಲ್ಕು ಜನ ಬೈದು ಫೋನು ಇಟ್ಟರು. ಫೋನಿನ ಮೋಸಗಾರರಿಗೆ ಹೆದರಿ ಕೂತ ಕಾಲ. ನಿಮ್ಮಪ್ಪನ ಪೆಟ್ಟಿಗೆ ಕಳಚು ಎಂದು ಯಾವುದೋ ದನಿ ಹೇಳಿದರೆ ಯಾರು ಕೇಳುತ್ತಾರೆ?

"ಪೆಟಗಿ ಬಿಚ್ಚು ಅಂತೀ? ನಿನ್ನ ಹೆಸರೇನು? ಎಲ್ಲಿಂದ ಮಾತಾಡ್ತಿ? ಪೊಲೀಸರಿಗೆ ಕೊಡ್ತೀನಿ ನೋಡು ನಿನ್ನ ನಂಬರು!" ಎಂದು ನರಗುಂದದ ಒಬ್ಬ ಮುದುಕ ಹೊಂಬಳರನ್ನೇ ಗದರಿಸಿದ.

ಶಾಂಭವಿ ಕೊಠಡಿಯ ತುಂಬ ತಿರುಗಾಡಿದಳು. ಆಮೇಲೆ ಬೆಟಗೇರಿಗೆ ಫೋನು ಮಾಡಿದಳು.

"ಹುಸೇನಮ್ಮಾರ, ಒಂದ್ ಕೆಲಸ ಆಗಬೇಕಿತ್ತು. ನಿಮ್ಮಂಗ ಮತ್ತ ಒಂಬೈನೂರ ಚಿಲ್ಲರೆ ಮನಿ ಅದಾವ್ರಿ. ಅವರು ನಮ್ಮ ಮಾತು ನಂಬವಲ್ರು. ನೀವು ಮಾತಾಡ್ತೀರೇನು?"

"ನಾ ಏನ್ ಹೇಳಲಿ ಮೇಡಮ್ಮಾರ? ನನಗ ನಿಮ್ಮ ದಾರಿ ಗೀರಿ ತಿಳಿಯಂಗಿಲ್ಲ."

"ನಿಮ್ಮ ಮನ್ಯಾಗ ಏನಾತು, ಅಷ್ಟ ಹೇಳ್ರಿ."

ಹುಸೇನಬಿ ಗಂಡನ ಮಂಚದ ಪಕ್ಕದಲ್ಲಿ ಕೂತು ಒಪ್ಪಿಕೊಂಡಳು. ಕೇಂದ್ರದವರು ಕರೆ ಜೋಡಿಸುತ್ತಿದ್ದರು, ಅವಳು ಮಾತಾಡುತ್ತಿದ್ದಳು. "ಯಪ್ಪಾ, ನಾ ಬೆಟಗೇರಿ ಗಾದಿ ನದಾಫರ ಮನಿಯಾಕಿ. ನಿಮ್ಮ ಮನ್ಯಾಗ ಪೆಟಗಿ ಐತೆಲ್ಲ, ನಮ್ಮನ್ಯಾಗೂ ಐತಿ. ಕೆಮ್ಮು ಬಂದಾಗ ಅದು ಕೂಗಾಕತ್ತೇತೇನು? ಇನ್ನೂ ಕೂಗಿಲ್ಲಾ? ಕೂಗತೈತಿ. ನಮ್ಮದು ಹನ್ನೊಂದು ದಿನಾ ಕೂಗಿತು. ಕೈಪಂಪು ಎಲ್ಲೈತಿ ನೋಡ್ರಿ ಮೊದಲ. ಕೈಯಾಗ ಹಿಡಕೋರಿ. ನಾ ಫೋನಿನ್ಯಾಗ ಇರ್ತೀನಿ, ಇಬ್ಬರೂ ಕೂಡಿ ಎಣಸೋಣು."

ಅವಳು ಎಣಿಸುತ್ತಿದ್ದಳು. ಆ ಕಡೆಯವರು ಎಣಿಸುತ್ತಿದ್ದರು. ನಲವತ್ತಕ್ಕೆ ಬರುವ ಹೊತ್ತಿಗೆ ಶಾಂಭವಿಯ ಪರದೆಯಲ್ಲಿ ಆ ಮನೆ ಕೆರೆ ದಾರಿಯಲ್ಲೋ ಹೊಲದ ದಾರಿಯಲ್ಲೋ ಕಾಣಿಸಿಕೊಳ್ಳುತ್ತಿತ್ತು. ಮಾತು ನಂಬದೆ ಫೋನು ಇಟ್ಟಿದ್ದ ನರಗುಂದದ ಮುದುಕನಿಗೂ ಅವಳೇ ಮಾತಾಡಿದಳು. ಅವನು ಅವಳ ಗಂಡ ಯಾವ ಓಣಿಯವನು, ಯಾರ ಮದುವೆಗೆ ಗಾದಿ ಮಾಡಿಕೊಟ್ಟ ಎಂದೆಲ್ಲ ವಿಚಾರಿಸಿ, ನಂಬಿಕೆ ಬಂದ ಮೇಲೆ ಹೆಂಡತಿಯ ಮುಖವಾಡ ಕಳಚಿದ.

ರಾತ್ರಿ ಹತ್ತರೊಳಗೆ ಎದೆ ತೀರ ಕೆಟ್ಟವರ ಪಟ್ಟಿ ಮುಗಿಯಿತು. ಉಳಿದವರಿಗೆ ಇನ್ನೂ ಒಂದೂವರೆ ದಿನ ಹಿಡಿಯಿತು. ಹುಸೇನಬಿಯ ದನಿ ಒಡೆದು ಪಿಸುಮಾತಾಯಿತು. ಆಗ ನೀಲವ್ವ ಫೋನು ತೆಗೆದುಕೊಂಡಳು. ತನ್ನ ನಂಬರು ಮೊದಲಿಂದಲೂ ಕೆರೆ ದಾರಿಯದು ಎಂಬುದನ್ನು ಆಕೆ ಯಾರಿಗೂ ಹೇಳಲಿಲ್ಲ. "ನಮ್ಮನ್ಯಾಗೂ ಕೂಗಿತ್ರಿ" ಎಂದೇ ಹೇಳಿದಳು. ಅರ್ಧ ತಾಸಿನ ಮಟ್ಟಿಗೆ ಅದು ನಿಜವೂ ಆಗಿತ್ತು. ದಾವಲ್‌ಸಾಬರು ನಡುನಡುವೆ ಮುಖವಾಡ ಸರಿಸಿ, "ಮುಂಗೈಗೆ ಎಣ್ಣಿ ಹಚ್ಚಿಕೋ" ಎಂದು ಹೆಂಡತಿಗೆ ಹೇಳುತ್ತಿದ್ದರು.

ಮೂರನೆಯ ದಿನ ಗುತ್ತಿಗೆದಾರರ ಕಡೆಯವರು ಗುಡ್ಡ ಹತ್ತಿದರು. ಹದಿಮೂರು ದಿನದ ಹಿಂದೆ ಅಲ್ಲಿಯ ಗೋಪುರದಲ್ಲಿ ಒಂದು ಯಂತ್ರ ಬದಲಾಯಿಸಿದ್ದರು. ಪೊಟ್ಟಣ ಎಷ್ಟು ದೊಡ್ಡದಿರಬಹುದು ಎಂದು ಹೇಳುವ ಒಂದು ಅಂಕಿಯನ್ನು ಅದರಲ್ಲಿ ತಿದ್ದುವುದು ಬಿಟ್ಟುಹೋಗಿತ್ತು. ತಿದ್ದಲು ಎರಡು ನಿಮಿಷ ಸಾಕಾಯಿತು.

ಅಂದಿನಿಂದ ಕೇಂದ್ರದಲ್ಲಿ ಸಣ್ಣ ಪೊಟ್ಟಣದ ಪರೀಕ್ಷೆ ನಿಂತಿತು. ಪ್ರತಿ ದಾರಿಗೂ ಅದರ ಪಾಲಿನಲ್ಲೇ ಬೀಳುವ ನಂಬರು ಆರಿಸಿ, ಅತಿ ದೊಡ್ಡ ಪೊಟ್ಟಣವನ್ನೇ ಕಳಿಸಿ ನೋಡುವ ಏರ್ಪಾಡು ಶಾಂಭವಿ ಮಾಡಿದಳು. ನಕ್ಷೆ ಮುಟ್ಟಿತು ಎಂದು ಪೆಟ್ಟಿಗೆಯೇ ಹೇಳುವವರೆಗೆ ಪರದೆ ಹಸಿರಾಗದ ಹಾಗೆ ಬದಲಿಸಿದಳು. ಎರಡು ಸಲ ಉತ್ತರ ತಪ್ಪಿದರೆ ಆ ಮನೆಯ ದಾರಿ ತಾನಾಗಿಯೇ ಬದಲಾಗುವಂತೆ ಬರೆದಳು. ಹೊಂಬಳರು ಎಲ್ಲಕ್ಕೂ ಸಹಿ ಹಾಕಿದರು. ವರದಿಯಲ್ಲಿ, ಒಬ್ಬ ರೋಗಿಯ ಸಾವಿಗೂ ಜಾಲದ ದೋಷಕ್ಕೂ ಸಂಬಂಧವಿರುವ ಸಾಧ್ಯತೆ ಇದೆ ಎಂದು ಬರೆಯಲಾಗಿತ್ತು. ಶಾಂಭವಿ ಅದನ್ನು ಹೊಡೆದುಹಾಕಿ ಸಂಬಂಧವಿದೆ ಎಂದು ಬರೆದಳು. ಹೊಂಬಳರು ತಿದ್ದಿದ್ದನ್ನು ನೋಡಿ ಅದರ ಕೆಳಗೂ ಸಹಿ ಹಾಕಿದರು.

ಆದರೂ ಅವಳಿಗೆ ಒಂದು ಕಡೆ ನಿಲ್ಲಲಾಗಲಿಲ್ಲ. ಮನೆಯಲ್ಲಿ ಒಲೆಯ ಮೇಲೆ ಹಾಲು ಇಟ್ಟು ಹೊರಗೆ ಹೋಗಿ ತಿರುಗಾಡುತ್ತಿದ್ದಳು. ಎಂಟನೆಯ ದಿನ ಬೆಳಿಗ್ಗೆ ಎದ್ದವಳು, ಕೆಲಸಕ್ಕೆ ಹೋಗದೆ ಮುಂಡರಗಿಯ ಬಸ್ಸು ಹತ್ತಿದಳು.

*

ಪ್ರಭಾವತಿ ಅಂಗಡಿಯ ಮನೆ ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿತ್ತು. ಅವಳ ಗಂಡ ಚನ್ನವೀರಪ್ಪ ಬಾಗಿಲು ತೆರೆದ. ಬಸ್ಸಿನ ಟಾಯರುಗಳಿಗೆ ಪಂಕ್ಚರ್ ಹಾಕುವ ಕೆಲಸ ಅವನದು. ಕಪ್ಪು ಅವನ ಉಗುರುಗಳಲ್ಲಿ ಖಾಯಂ ಕೂತಿತ್ತು. ಶ್ವಾಸಕೇಂದ್ರದವಳು ಎಂದೊಡನೆ ಅವನು ಒಳಗೆ ಹೋಗಿ, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಉಸಿರುಪೆಟ್ಟಿಗೆಯನ್ನು ತಂದು ಮುಂದಿಟ್ಟ.

"ಒರಸಿ ಇಟ್ಟೀನ್ರಿ. ಒಯ್ಯಾಕ ಬಂದೀರಲ್ಲ?"

"ಅದಕ್ಕ ಬಂದಿಲ್ರಿ," ಅಂದಳು ಶಾಂಭವಿ. "ನಿಮಗ ಒಂದ್ ವಿಷಯ ಹೇಳಬೇಕಾಗೇತಿ."

ಅವನು ಕುರ್ಚಿ ಹಾಕಿದ. ಹೊಲಿಗೆ ಯಂತ್ರದ ಮುಂದಿನ ಕುರ್ಚಿ ಅದು. ಶಾಂಭವಿ ಕೂತಳು. ದಾರಿಗಳ ವಿಷಯ, ನಂಬರಿನ ವಿಷಯ, ಗುಡ್ಡದ ವಿಷಯ, ಎಲ್ಲವನ್ನೂ ಅವನಿಗೆ ತಿಳಿಯುವ ಹಾಗೆ ಹೇಳಿದಳು. ಅವನು ಟಾಯರಿನಲ್ಲಿ ಮೊಳೆ ಹುಡುಕುವವನ ಹಾಗೆ ತಲೆ ಓರೆ ಮಾಡಿ ಕೇಳುತ್ತಿದ್ದ.

"ಅಂದ್ರ ಪೆಟಗಿ ಚಲೋ ಇತ್ತು."

"ಚಲೋ ಇತ್ತು."

"ಆಕಿ ಅದರ ಮ್ಯಾಲೆ ಬೈತಿದ್ಲು. ಕೂಗತಿತ್ತು ಆಗಾಗ. ನಾ ಫೋನ್ ಮಾಡೂನು ಅಂದ್ರ, ಬ್ಯಾಡ, ಅವರಿಗೆ ಸಾವಿರ ಮಂದಿ ಇರ್ತಾರ, ನಮ್ಮದೊಂದು ಯಾಕ ಅಂತಿದ್ಲು." ಅವನು ಕೇಳಿದ, "ನಾ ಆವಾಗ ಫೋನ್ ಮಾಡಿದ್ರ ಉಳೀತಿದ್ಲೇನ್ರಿ?"

ಬಸ್ಸಿನಲ್ಲಿ ಬರುವಾಗ ಶಾಂಭವಿ ಈ ಪ್ರಶ್ನೆಗೆ ಹಲವು ಉತ್ತರ ಹುಡುಕಿದ್ದಳು. ಹೇಳಲಾಗದು, ಕಾಯಿಲೆ ಮೊದಲೇ ಮುಂದುವರಿದಿತ್ತು, ಇಂಥವು. ಈಗ ಅವನ್ನೆಲ್ಲ ಬಿಟ್ಟಳು.

"ನೀವು ಫೋನ್ ಮಾಡಿದ್ರ ಆಕಿ ಹೆಸರು ಮೂವತ್ತೊಂದರಾಗ ಇರ್ತಿತ್ರಿ. ಉಳೀತಿದ್ಲು. ಆದ್ರ ಫೋನ್ ಮಾಡೋದು ನಿಮ್ಮ ಕೆಲಸ ಆಗಿರಲಿಲ್ಲ. ಮಧ್ಯಾಹ್ನದಾಗನ ನನಗ ಗೊತ್ತಿತ್ತು, ಆ ದಾರಿ ಮ್ಯಾಲೆ ನಿಮ್ಮ ಮನಿ ಐತಿ ಅಂತ. ಆಕಿ ಹೆಸರು ಬರದಿದ್ನಿ. ಮೂರು ಐವತ್ತರ ತನಕಾ ನಾ ಫೋನ್ ಎತ್ತಲಿಲ್ಲ."

ಚನ್ನವೀರಪ್ಪ ಎದ್ದುಹೋಗಿ ಬಾಗಿಲಲ್ಲಿ ನಿಂತ. ಬೆನ್ನು ಅವಳ ಕಡೆಗಿತ್ತು. ನಿಲ್ದಾಣದಿಂದ ಗದಗಿನ ಬಸ್ಸು ಹೊರಟ ಸದ್ದು ಕೇಳಿಸಿತು. ಅವನು ಹೋಗು ಎಂದರೆ ಹೋಗಬೇಕು, ಬೈದರೆ ಬೈಸಿಕೊಳ್ಳಬೇಕು ಎಂದು ಶಾಂಭವಿ ಕಾದಳು.

ಅವನು ತಿರುಗಿದಾಗ ಕಣ್ಣು ಕೆಂಪಾಗಿತ್ತು.

"ಎಂಟು ದಿನಾ ಆತ್ರಿ," ಅಂದ. "ಎಂಟು ದಿನಾ ನಾ ನನ್ನ ಮ್ಯಾಲೆ ಹಾಕ್ಕೊಂಡು ಕುಂತೀನಿ. ಮಗಳೂ ಹಂಗ ತಿಳಕೊಂಡಾಳ, ಅಪ್ಪ ಫೋನ್ ಮಾಡಲಿಲ್ಲ, ಅದಕ್ಕ ಅವ್ವ ಹೋದ್ಲು ಅಂತ. ನನ್ನ ಕೂಡ ಮಾತು ಬಿಟ್ಟಾಳ. ಲಕ್ಷ್ಮೇಶ್ವರದಾಗ ಇರ್ತಾಳ."

ಅವನು ಅಂಗಿಯ ಜೇಬಿನಿಂದ ಫೋನು ತೆಗೆದು, ನಂಬರು ಒತ್ತಿ, ಅವಳ ಕೈಗೆ ಕೊಟ್ಟ.

"ನನಗ ಹೇಳಿದ್ದು ಆಕಿಗೂ ಹೇಳ್ರಿ. ಒಂದೂ ಬಿಡಬ್ಯಾಡ್ರಿ."

ಆ ಕಡೆ ಗಂಟೆ ಬಾರಿಸುತ್ತಿತ್ತು. ಶಾಂಭವಿ ಏಳಲಿಲ್ಲ, ಓಡಾಡಲಿಲ್ಲ. ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು, ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಾದಳು. ಹುಡುಗಿಯ ದನಿ ಕೇಳಿಸಿತು.

"ನನ್ನ ಹೆಸರು ಶಾಂಭವಿ ಬಡಿಗೇರ ಅಂತವಾ," ಎಂದು ಅವಳು ಶುರುಮಾಡಿದಳು. "ನಿಮ್ಮ ಅವ್ವನ ಉಸಿರು ಹಾಯೋ ದಾರಿ ನೋಡಿಕೊಳ್ಳೋದು ನನ್ನ ಕೆಲಸಾಗಿತ್ತು."